ಬೆಲ್ಲ ಕೊಳ್ಳುವವರಿಗೆ ತಾನಾಗಿ ಹೋಗುವ ಇ-ಮೇಲ್ ಪತ್ರ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳಲ್ಲಿ ಕಬ್ಬು ಒಂದು ಮುಖ್ಯ ಬೆಳೆ. ಕಾರ್ಖಾನೆಗೆ ಹೋಗದೆ ಉಳಿದ ಕಬ್ಬು ಆಲೆಮನೆಗೆ ಬರುತ್ತದೆ. ಒಂದು ಟನ್ ಕಬ್ಬಿನಿಂದ ಸುಮಾರು ಒಂದು ಕ್ವಿಂಟಲ್ ಬೆಲ್ಲ ಇಳಿಯುತ್ತದೆ. ಈ ಬೆಲ್ಲ ಮಾರುಕಟ್ಟೆಯ ಅಂಗಳ ಸೇರಿದ ಮೇಲೆ ಅದರ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಣ್ಣ. ಕೊಪ್ಪರಿಗೆಗೆ ಹೈಡ್ರೋಸ್ ಹಾಕಿ ಹೊಂಬಣ್ಣ ಬರಿಸಿದ ಅಚ್ಚಿಗೆ ಹೆಚ್ಚು ಕೂಗು ಬೀಳುತ್ತದೆ. ಬೆಂಡೆ ಗಿಡದ ಲೋಳೆ ಮತ್ತು ಸುಣ್ಣದ ತಿಳಿಯಿಂದಲೇ ಹಾಲನ್ನು ಶುದ್ಧಿಮಾಡಿ ಇಳಿಸಿದ ಕಂದು ಬೆಲ್ಲ ಮೂಲೆಗೆ ಸರಿಯುತ್ತದೆ. ರಾಸಾಯನಿಕ ಬಿಡಬೇಕೆಂಬ ಸಲಹೆಯನ್ನು ಪಾಲಿಸಿದ ರೈತನಿಗೇ ನಷ್ಟವಾಗುವ ಪರಿಸ್ಥಿತಿ ಇದು.

ಆದರೆ ಕಂದು ಬೆಲ್ಲವನ್ನೇ ಹುಡುಕುವವರೂ ಇದ್ದಾರೆ. ಬೆಂಗಳೂರು, ಮೈಸೂರಿನ ಸಾವಯವ ಅಂಗಡಿಗಳು, ಚಿಕ್ಕಿ ಮತ್ತು ಸಿಹಿತಿಂಡಿ ತಯಾರಕರು, ಆಸವ-ಅರಿಷ್ಟಗಳಿಗೆ ಬೆಲ್ಲ ಬಳಸುವ ಆಯುರ್ವೇದ ಔಷಧ ತಯಾರಕರು ಇವರಲ್ಲಿ ಮುಖ್ಯರು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗವನ್ನು ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಸಂಸ್ಥೆಗಳು ಇದನ್ನು ಪರೀಕ್ಷೆ ಮಾಡಿಸಿಯೇ ಕೊಳ್ಳುವುದುಂಟು. ಇಂತಹವರು ಹರಾಜಿನ ಅಂಗಳಕ್ಕೆ ಬಂದು ನಿಲ್ಲುವುದು ಅಪರೂಪ. ಅವರಿದ್ದಲ್ಲಿಗೆ ಉತ್ಪಾದಕರೇ ಹೋಗಬೇಕು.

ದಾರಿಹೋಕ ಗಿರಾಕಿಯನ್ನು ನೆಚ್ಚಿಕೊಳ್ಳುವ ಕಾಲವೂ ಹೋಗುತ್ತಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಮಂಡ್ಯ, ಶ್ರೀರಂಗಪಟ್ಟಣಗಳ ಹೊರಗಿನಿಂದಲೇ ಸಾಗುತ್ತವೆ. ಹಳೆಯ ರಸ್ತೆಬದಿಯ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ಇತ್ತ ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಬೆಲ್ಲವೇ ಆಯ್ಕೆಯ ಉತ್ಪನ್ನವಾಗಿದೆ. ಯಂತ್ರಕ್ಕೂ ಪೊಟ್ಟಣ ಕಟ್ಟುವುದಕ್ಕೂ ನೆರವು ದೊರೆಯುತ್ತದೆ. ಕೊಳ್ಳುವವರ ವಿಳಾಸವನ್ನು ಮಾತ್ರ ಯಾವ ಯೋಜನೆಯೂ ಮನೆಗೆ ತಂದುಕೊಡುವುದಿಲ್ಲ. ಈ ಕೊರತೆಯನ್ನು ರೈತ ಉತ್ಪಾದಕ ಕಂಪನಿಗಳು ಮತ್ತು ಆಲೆಮನೆ ಗುಂಪುಗಳು ಕಡಿಮೆ ಖರ್ಚಿನಲ್ಲಿ ತುಂಬಿಕೊಳ್ಳಲು ಇ-ಮೇಲ್ ಪತ್ರ ವ್ಯವಸ್ಥೆ ಸಹಾಯಕವಾಗುತ್ತದೆ.

ವ್ಯವಸ್ಥೆಯ ಸ್ವರೂಪ

ಇದರಲ್ಲಿ ಮೂರು ಅಂಗಗಳಿವೆ. ಕೊಳ್ಳತಕ್ಕವರ ಹೆಸರು, ವಿಳಾಸಗಳನ್ನು ಬರೆದಿಟ್ಟ ಕಂಪ್ಯೂಟರ್ ಪಟ್ಟಿ ಒಂದು; ಹೆಸರಿನ ಜಾಗ ಖಾಲಿ ಬಿಟ್ಟ ಮಾದರಿ ಪತ್ರ ಇನ್ನೊಂದು; ಪಟ್ಟಿಯಿಂದ ಒಂದೊಂದೇ ಹೆಸರನ್ನು ಎತ್ತಿ ಪತ್ರಕ್ಕೆ ತುಂಬಿ, ಗೊತ್ತುಪಡಿಸಿದ ದಿನ ಕಳುಹಿಸುವ ತಂತ್ರಾಂಶ ಮೂರನೆಯದು. ಮದುವೆಯ ಲಗ್ನಪತ್ರಿಕೆಗಳೆಲ್ಲ ಒಂದೇ ಅಚ್ಚಿನವು. ಮೇಲೆ ಹೆಸರು ಬರೆಯುವುದು ಮಾತ್ರ ಬೇರೆ ಬೇರೆ. ಇಲ್ಲಿಯೂ ಹಾಗೆಯೇ. ಹೆಸರಿಲ್ಲದ ಪತ್ರಿಕೆಯನ್ನು ಜಗಲಿಯ ಮೇಲೆ ಎಸೆದು ಹೋದರೆ ನೆಂಟರು ಬರುವುದಿಲ್ಲವೆಂಬುದೂ ಎಲ್ಲರಿಗೂ ತಿಳಿದದ್ದೇ.

ಯಂತ್ರಕ್ಕೆ ಒಪ್ಪಿಸಬಹುದಾದದ್ದು ಕಳುಹಿಸುವ ಕೆಲಸ ಮತ್ತು ನೆನಪಿಸುವ ಕೆಲಸ. ಯಾರಿಗೆ ಬರೆಯಬೇಕು, ಎಷ್ಟು ಮಂದಿಗೆ ಬರೆಯಬೇಕು, ಏನು ಮಾತು ಕೊಡಬೇಕು ಎಂಬುದನ್ನು ಗುಂಪಿನವರು ಕುಳಿತೇ ತೀರ್ಮಾನಿಸಬೇಕು. ಈ ಭೇದವನ್ನು ಮರೆತವರೇ ಹೆಚ್ಚಾಗಿ ಕೆಡುವುದು.

ಮೊದಲು ಬೆಲ್ಲದ ಲೆಕ್ಕ

ಪತ್ರಗಳ ಸಂಖ್ಯೆಯನ್ನು ದಾಸ್ತಾನಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಉದಾಹರಣೆಗೆ, ನಾಲ್ಕು ಆಲೆಮನೆಗಳ ಒಂದು ಗುಂಪು ತಿಂಗಳಿಗೆ 40 ಕ್ವಿಂಟಲ್ ರಾಸಾಯನಿಕರಹಿತ ಬೆಲ್ಲವನ್ನು ನೇರ ಮಾರಾಟಕ್ಕೆ ತೆಗೆದಿಡಬಲ್ಲುದು ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬ ಗಿರಾಕಿ ತಿಂಗಳಿಗೆ 4 ಕ್ವಿಂಟಲ್ ಕೊಂಡರೆ ಹತ್ತು ಗಿರಾಕಿಗಳು ಸಾಕು. ಹತ್ತು ಮಂದಿಗಾಗಿ ಅರವತ್ತು, ಹೆಚ್ಚೆಂದರೆ ನೂರು ಮಂದಿಗೆ ಬರೆಯುವುದು ವಿವೇಕ. ಒಂದೇ ಗುಂಡಿ ಒತ್ತಿದರೆ ಸಾವಿರ ಮಂದಿಗೆ ಹೋಗುವುದೆಂದು ಸಾವಿರ ಮಂದಿಗೆ ಬರೆದು, ಐವತ್ತು ಮಂದಿ ಕೇಳಿದಾಗ ಹಿಂದೆ ಸರಿದರೆ, ಆ ಐವತ್ತು ಬಾಗಿಲುಗಳು ಮುಂದಿನ ಹಂಗಾಮಿಗೂ ಮುಚ್ಚಿಹೋಗುತ್ತವೆ. ಒಪ್ಪಿದ ಬೆಲ್ಲ ಸಾಲದೆ ಬಂದಾಗ ಪಕ್ಕದ ಆಲೆಮನೆಯ ಹೈಡ್ರೋಸ್ ಬೆಲ್ಲವನ್ನು ಬೆರೆಸುವ ಆಸೆಯೂ ಆಗಲೇ ಹುಟ್ಟುತ್ತದೆ. ಒಂದು ಪ್ರಯೋಗಾಲಯ ವರದಿಯಲ್ಲಿ ಅದು ಬಯಲಾಗುತ್ತದೆ.

ಪಟ್ಟಿ

ಎಲ್ಲಿಂದಲೋ ಮಾರಾಟಕ್ಕೆ ಬರುವ ಸಿದ್ಧಪಟ್ಟಿಗಳನ್ನು ಕೊಳ್ಳಬಾರದು. ಅವುಗಳಲ್ಲಿ ಸತ್ತ ವಿಳಾಸಗಳೇ ಹೆಚ್ಚಿದ್ದು, ಹಿಂದಿರುಗುವ ಪತ್ರಗಳು ಕಳುಹಿಸಿದವರ ಹೆಸರನ್ನೇ ಕೆಡಿಸುತ್ತವೆ. ಅಂಗಡಿಯಲ್ಲಿರುವ ಬೆಲ್ಲ, ಚಿಕ್ಕಿ, ಲೇಹ್ಯಗಳ ಪೊಟ್ಟಣದ ಮೇಲೆ ತಯಾರಕರ ವಿಳಾಸ ಇದ್ದೇ ಇರುತ್ತದೆ. ಸಂಸ್ಥೆಗಳು ತಾವಾಗಿಯೇ ಪ್ರಕಟಿಸಿದ ವ್ಯಾಪಾರದ ವಿಳಾಸಗಳಿವೆ. ಕೃಷಿಮೇಳಗಳಲ್ಲಿ ಕೈಗೆ ಬರುವ ಚೀಟಿಗಳಿವೆ. ರಫ್ತುದಾರರಿಗಾಗಿ 1986ರಲ್ಲಿ ಸ್ಥಾಪಿತವಾದ ಅಪೆಡಾ ಸಂಸ್ಥೆಯ ಮಾಹಿತಿಯನ್ನು ನೋಡಬಹುದು. ಸಂಸ್ಥೆಯ ಹೆಸರು, ಊರು, ಖರೀದಿ ನೋಡಿಕೊಳ್ಳುವವರ ಹೆಸರು, ಇ-ಮೇಲ್ ವಿಳಾಸ, ಅವರಿಗೆ ಬೇಕಾಗಬಹುದಾದ ಬಗೆ (ಅಚ್ಚು, ಬಕೆಟ್, ಉಂಡೆ ಅಥವಾ ಪುಡಿ), ವಿಳಾಸ ದೊರೆತ ಮೂಲ, ಪತ್ರ ಹೋದ ದಿನ, ಬಂದ ಉತ್ತರ ಇವುಗಳಿಗೆ ಒಂದೊಂದು ಅಂಕಣ ಬಿಡಬೇಕು. ‘ಬೇಕಾಗಬಹುದಾದ ಬಗೆ’ ಎಂಬ ಅಂಕಣವನ್ನು ತುಂಬಲಾಗದಿದ್ದರೆ ಆ ಸಂಸ್ಥೆಯ ವಿಷಯ ಇನ್ನೂ ತಿಳಿದಿಲ್ಲವೆಂದೇ ಅರ್ಥ. ಅಂತಹವರಿಗೆ ಸದ್ಯಕ್ಕೆ ಬರೆಯದಿರುವುದೇ ಲೇಸು.

ಪತ್ರ ತಲುಪಬೇಕಾದರೆ

ಬೇಡದ ಜಾಹೀರಾತು ಪತ್ರದ ಕಾಟ ಹೊಸದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರ ಗ್ಯಾರಿ ಥರ್ಕ್ ಎಂಬಾತ ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಮ್ಮೆಗೇ ಪ್ರಚಾರ ಪತ್ರ ಕಳುಹಿಸಿ ಬೈಗುಳ ತಿಂದನು. ಅಂದಿನಿಂದ ಬೆಳೆದ ಕಳೆ ಇದು. ಆದುದರಿಂದಲೇ ಇಂದಿನ ಅಂಚೆವ್ಯವಸ್ಥೆಗಳು ಪ್ರತಿ ಪತ್ರವನ್ನೂ ಜರಡಿ ಹಿಡಿಯುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆ ತನ್ನ ನಿಯಮಗಳನ್ನು ಬಿಗಿ ಮಾಡಿತು.

ಗುಂಪು ತನ್ನದೇ ಹೆಸರಿನ ಡೊಮೇನ್ ಕೊಂಡು ಅದರಲ್ಲಿ ಅಂಚೆಪೆಟ್ಟಿಗೆ ತೆರೆಯುವುದು ಒಳ್ಳೆಯದು. ಆ ಡೊಮೇನಿಗೆ ಮೂರು ದಾಖಲೆಗಳನ್ನು ಸೇರಿಸಬೇಕು. ಎಸ್‌ಪಿಎಫ್ ಎಂಬುದು ಈ ಹೆಸರಿನಲ್ಲಿ ಪತ್ರ ಹಾಕಲು ಯಾವ ಯಂತ್ರಕ್ಕೆ ಅಧಿಕಾರವಿದೆ ಎಂದು ತಿಳಿಸುವ ಪಟ್ಟಿ. ಡಿಕಿಮ್ ಎಂಬುದು ಅರಗಿನ ಮುದ್ರೆಯಂತೆ. ದಾರಿಯಲ್ಲಿ ಪತ್ರವನ್ನು ಯಾರೂ ತಿದ್ದಿಲ್ಲವೆಂಬುದಕ್ಕೆ ಸಾಕ್ಷಿ. ಇವೆರಡೂ ತಾಳೆಯಾಗದ ಪತ್ರವನ್ನು ಒಳಗೆ ಬಿಡಬೇಕೆ, ತಿರಸ್ಕರಿಸಬೇಕೆ ಎಂದು ತಿಳಿಸುವುದು ಡಿಮಾರ್ಕ್. ಡೊಮೇನ್ ಮಾರುವವರ ಪುಟದಲ್ಲಿ ಇವುಗಳನ್ನು ತುಂಬುವುದು ಅರ್ಧ ದಿನದ ಕೆಲಸ. ಕಂಪ್ಯೂಟರ್ ಬಲ್ಲ ಹಳ್ಳಿಯ ಹುಡುಗ ಅಥವಾ ಹುಡುಗಿ ಮಾಡಬಲ್ಲರು.

ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಮಂದಿಯವರೆಗೆ ಕಳುಹಿಸಬಹುದಾದರೂ ಆ ಮಿತಿಯನ್ನು ಮುಟ್ಟಲು ಹೋಗಬಾರದು. ಹೊಸ ಅಂಚೆಪೆಟ್ಟಿಗೆಯಿಂದ ಮೊದಲ ವಾರ ದಿನಕ್ಕೆ ಐದಾರು ಪತ್ರ, ಅನಂತರ ಹತ್ತು, ಹದಿನೈದು ಎಂದು ನಿಧಾನವಾಗಿ ಏರಿಸಬೇಕು. ಪಡೆದವರು ‘ಇದು ಕಸ’ ಎಂದು ಗುರುತು ಹಾಕುತ್ತ ಹೋದರೆ, ಮುಂದೆ ಹಳೆಯ ಗಿರಾಕಿಗೆ ಬರೆದ ಬಿಲ್ಲು ಕೂಡ ಕಸದ ಬುಟ್ಟಿಗೇ ಬೀಳುತ್ತದೆ. ಜವುಳು ಹಿಡಿದ ಗದ್ದೆಯನ್ನು ಸರಿಪಡಿಸಿದಷ್ಟೇ ಕಷ್ಟ, ಕೆಟ್ಟ ಡೊಮೇನನ್ನು ಸರಿಪಡಿಸುವುದು.

ಪತ್ರದ ಒಕ್ಕಣೆ

ಪತ್ರ ಚಿಕ್ಕದಾಗಿರಬೇಕು. ಹೊರರಾಜ್ಯದವರಿಗೆ ಇಂಗ್ಲಿಷಿನಲ್ಲಿ ಬರೆದರೂ ಒಕ್ಕಣೆ ಇದೇ ಕ್ರಮದಲ್ಲಿರಬಹುದು:

“ಮಾನ್ಯರೆ, ತಮ್ಮ ಸಂಸ್ಥೆಯು ಬೆಲ್ಲದ ಚಿಕ್ಕಿ ತಯಾರಿಸುವುದನ್ನು ತಿಳಿದು ಬರೆಯುತ್ತಿದ್ದೇವೆ. ನಮ್ಮದು ಪಾಂಡವಪುರ ತಾಲ್ಲೂಕಿನ ನಾಲ್ಕು ಆಲೆಮನೆಗಳ ಗುಂಪು. ಹೈಡ್ರೋಸ್ ಬಳಸದೆ ತಯಾರಿಸಿದ ಬಕೆಟ್ ಬೆಲ್ಲ ತಿಂಗಳಿಗೆ 10 ಕ್ವಿಂಟಲ್ ಒದಗಿಸಬಲ್ಲೆವು. ಬಣ್ಣ ಕಂದು. ಗಂಧಕದ ಪ್ರಮಾಣದ ಪರೀಕ್ಷಾ ವರದಿ ಇದೆ. ಒಂದು ಕಿಲೋ ಮಾದರಿ ಕಳುಹಿಸಬಹುದೆ? ಬೇಡವಾದಲ್ಲಿ ‘ಬೇಡ’ ಎಂದು ಒಂದು ಸಾಲು ಬರೆದರೆ ಮತ್ತೆ ತೊಂದರೆ ಕೊಡುವುದಿಲ್ಲ.”

ಇದರ ಕೆಳಗೆ ಗುಂಪಿನ ಹೆಸರು, ಪೂರ್ಣ ಅಂಚೆ ವಿಳಾಸ, ಆಹಾರ ಪರವಾನಗಿ ಸಂಖ್ಯೆ, ದೂರವಾಣಿ ಇರಬೇಕು. ಬಣ್ಣ ಕಂದು ಎಂಬುದನ್ನು ಮುಚ್ಚಿಡಬಾರದು. ಅದನ್ನು ಬೇಡವೆನ್ನುವವರು ಈಗಲೇ ಬೇಡವೆನ್ನಲಿ. ‘ಸರ್ವರೋಗ ನಿವಾರಕ’, ‘ಮಧುಮೇಹಿಗಳಿಗೂ ಒಳ್ಳೆಯದು’ ಎಂಬಂತಹ ಮಾತುಗಳನ್ನು ಬರೆಯಲೇಬಾರದು. ಬೆಲ್ಲವೂ ಸಕ್ಕರೆಯೇ. ಮೊದಲ ಪತ್ರದೊಡನೆ ಭಾರವಾದ ಚಿತ್ರಗಳನ್ನು ಲಗತ್ತಿಸುವುದೂ ಬೇಡ. ಹೊರಗಿನವರಿಗೆ ಕಳುಹಿಸುವ ಮೊದಲು ಗುಂಪಿನ ನಾಲ್ಕು ಸದಸ್ಯರಿಗೇ ಕಳುಹಿಸಿ ನೋಡಬೇಕು. ಪಟ್ಟಿಯಲ್ಲಿ ಒಂದು ಅಂಕಣ ಖಾಲಿಯಿದ್ದರೆ ಪತ್ರ ‘ಮಾನ್ಯ’ ಎಂದು ಹೇಳಿ ಮುಂದೆ ಹೆಸರಿಲ್ಲದೆ ನಿಲ್ಲುತ್ತದೆ. ಅದು ಆಗಲೇ ಕಾಣುತ್ತದೆ.

ನೆನಪೋಲೆ

ಉತ್ತರ ಬಾರದಿದ್ದರೆ ಆರನೆಯ ದಿನಕ್ಕೆ ಎರಡು ಸಾಲಿನ ನೆನಪೋಲೆ, ಹದಿನೈದನೆಯ ದಿನಕ್ಕೆ ಕೊನೆಯದು. ಅಲ್ಲಿಗೆ ನಿಲ್ಲಿಸಬೇಕು. ಉತ್ತರ ಬಂದ ಕೂಡಲೇ ಉಳಿದ ಪತ್ರಗಳು ತಾವಾಗಿ ನಿಲ್ಲುವಂತೆ ತಂತ್ರಾಂಶದಲ್ಲಿ ಗೊತ್ತುಪಡಿಸಬಹುದು. ಇದೇ ಈ ವ್ಯವಸ್ಥೆಯ ನಿಜವಾದ ಉಪಯೋಗ. ಆದರೂ ಯಂತ್ರಕ್ಕೆ ಒಂದು ಕುರುಡು ಇದೆ. ಖರೀದಿ ಅಧಿಕಾರಿ ತನ್ನ ಬೇರೆ ವಿಳಾಸದಿಂದ ಉತ್ತರಿಸಿದರೆ, ಅಥವಾ ಫೋನಿನಲ್ಲೇ ಎರಡು ಕ್ವಿಂಟಲ್ ಹೇಳಿಬಿಟ್ಟರೆ, ಯಂತ್ರಕ್ಕೆ ತಿಳಿಯುವುದಿಲ್ಲ. ಬೆಲ್ಲ ಕೊಂಡವನಿಗೇ ‘ನಮ್ಮ ಪತ್ರ ತಲುಪಿತೆ?’ ಎಂದು ಕೇಳುವ ಪತ್ರ ಹೋಗುತ್ತದೆ. ಆದುದರಿಂದ ಪ್ರತಿದಿನ ಸಂಜೆ ಒಬ್ಬರು ಪಟ್ಟಿಯನ್ನು ತೆರೆದು ಗುರುತು ಹಾಕತಕ್ಕದ್ದು. ಬಂದ ಉತ್ತರಗಳಿಗೆ ಮಾತ್ರ ಯಂತ್ರದಿಂದ ಉತ್ತರ ಕೊಡಿಸದೆ, ಮನುಷ್ಯರೇ ಒಂದು ದಿನದೊಳಗೆ ಬರೆಯಬೇಕು.

ಕಾಲವನ್ನೂ ನೋಡಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ ತಯಾರಿಸುವವರಿಗೆ ಜನವರಿಯಲ್ಲಿ ಬರೆದು ಫಲವಿಲ್ಲ. ನವೆಂಬರಿನಲ್ಲೇ ಪತ್ರ ಮುಟ್ಟಿರಬೇಕು. ಗೌರಿ-ಗಣೇಶ ಹಬ್ಬದ ಸಿಹಿತಿಂಡಿಯವರಿಗೆ ಆಷಾಢದಲ್ಲೇ ಬರೆಯಬೇಕು.

ರಾಗಿ ಮತ್ತು ತೆಂಗು

ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಬೆದ್ದಲು ಪ್ರದೇಶದಲ್ಲಿ ರಾಗಿ ಮತ್ತು ತೆಂಗು ಬೆಳೆಯುವ ಗುಂಪುಗಳಿಗೂ ಕ್ರಮ ಇದೇ. ಕೊಳ್ಳುವವರು ಮಾತ್ರ ಬೇರೆ: ರಾಗಿಗೆ ಮಾಲ್ಟ್ ಮತ್ತು ಹುರಿಹಿಟ್ಟು ತಯಾರಕರು, ತೆಂಗಿಗೆ ಎಣ್ಣೆ ಗಾಣದವರು. ರಾಗಿಯ ಪತ್ರವನ್ನು ಒಕ್ಕಣೆ ಮುಗಿದು, ತೇವಾಂಶ ನೋಡಿ, ಚೀಲದ ಲೆಕ್ಕ ಸಿಕ್ಕಿದ ಮೇಲೆಯೇ ಬರೆಯಬೇಕು. ಮಳೆಯಾಶ್ರಿತ ಬೆಳೆಯನ್ನು ಹೊಲದಲ್ಲಿರುವಾಗಲೇ ಮಾತುಕೊಡುವುದು ಅಪಾಯ. ನಾಲೆ ಬಯಲಿನ ಗುಂಪು ವರ್ಷವಿಡೀ ಪತ್ರ ಕಳುಹಿಸಬಹುದಾದರೆ, ನಾಗಮಂಗಲದ ರಾಗಿ ಗುಂಪಿಗೆ ವರ್ಷಕ್ಕೆ ಎರಡು ತಿಂಗಳ ಕೆಲಸ ಸಾಕು.

ಕಾನೂನು, ಮಾದರಿ

ವ್ಯಕ್ತಿಗಳ ಹೆಸರು, ವಿಳಾಸಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆ ಹೊರಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಸಂಸ್ಥೆಯ ಸಾಮಾನ್ಯ ವಿಳಾಸಕ್ಕೆ ಬರೆಯುವುದು, ಪಟ್ಟಿಯನ್ನು ಬೇರೆ ಯಾರಿಗೂ ಕೊಡದಿರುವುದು, ‘ಬೇಡ’ ಎಂದವರನ್ನು ಅಂದೇ ಬಿಡುವುದು ಕ್ಷೇಮ. ಹಾಗೆ ಬಿಟ್ಟವರ ವಿಳಾಸವನ್ನು ಪ್ರತ್ಯೇಕ ಹಾಳೆಯಲ್ಲಿ ಇಟ್ಟಿರಬೇಕು. ಇಲ್ಲದಿದ್ದರೆ ಮರುವರ್ಷ ಹೊಸ ಪಟ್ಟಿ ಮಾಡುವಾಗ ಅದೇ ಹೆಸರು ಮತ್ತೆ ಸೇರಿಕೊಳ್ಳುತ್ತದೆ. ಕೆನಡಾದಂತಹ ದೇಶಗಳಲ್ಲಿ 2014ರಿಂದ ಸಾಮಾನ್ಯವಾಗಿ ಮೊದಲೇ ಒಪ್ಪಿಗೆ ಪಡೆದು ಬರೆಯಬೇಕೆಂಬ ಕಾನೂನಿರುವುದರಿಂದ, ಹೊರದೇಶಕ್ಕೆ ನೇರವಾಗಿ ಬರೆಯುವ ಬದಲು ರಫ್ತುದಾರರ ಮೂಲಕ ಹೋಗುವುದು ಸುಲಭ.

ಮಾದರಿ ಕೇಳಿ ಪತ್ರ ಬಂದಾಗ ಒಳ್ಳೆಯ ಅಚ್ಚನ್ನೇ ಆರಿಸಿ ಕಳುಹಿಸುವ ಅಭ್ಯಾಸ ಬೇಡ. ಒದಗಿಸಲಿರುವ ಪಾಕದಿಂದಲೇ ತೆಗೆಯಬೇಕು. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವವನ್ನು ಹೀರಿ ಬೆವರುವುದರಿಂದ ಮಾದರಿಯನ್ನು ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ತಯಾರಿಸಿದ ದಿನಾಂಕ ಮತ್ತು ಪಾಕದ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಕಂಪ್ಯೂಟರ್ ಪಟ್ಟಿಯಲ್ಲಿ ಆ ಗಿರಾಕಿಯ ಹೆಸರಿನ ಮುಂದೆ ನಮೂದಿಸಬೇಕು. ಅದೇ ಪಾಕದ ಇನ್ನೊಂದು ಕಿಲೋ ಬೆಲ್ಲ ಆಲೆಮನೆಯಲ್ಲಿ ಉಳಿದಿರಲಿ. ಗಿರಾಕಿ ಮೊದಲ ಸರಕು ಪಡೆದು, ಬಣ್ಣವೋ ಗಡುಸೋ ಬೇರೆಯಾಗಿದೆ ಎಂದು ಹೇಳಿದರೆ, ಎರಡನ್ನೂ ಎದುರಿಗಿಟ್ಟು ನೋಡಲು ಅದು ಬೇಕಾಗುತ್ತದೆ.