ಹೊಸ ಪ್ರಾಥಮಿಕ ಶಾಲೆಗೆ ಖಾಲಿ ನಿವೇಶನ: ಠರಾವಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಬೆಂಗಳೂರು ನಗರವು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳನ್ನು ದಾಟಿ ಕೆಂಗೇರಿ ಹೋಬಳಿಯ ಗ್ರಾಮಗಳವರೆಗೆ ಬೆಳೆದು ಬಂದಿದೆ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2010ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ಮೆಟ್ರೊ ರೈಲು 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ತಲುಪಿತು. ಹೊಲಗಳಿದ್ದ ಕಡೆ ನಿವೇಶನಗಳಾಗಿವೆ. ಕೂಲಿಗೆ, ಕಾರ್ಖಾನೆ ಕೆಲಸಕ್ಕೆ ಬಂದ ಕುಟುಂಬಗಳು ನೆಲೆಸಿವೆ. ಇಂತಹ ಕಡೆಗಳಲ್ಲಿ ಗ್ರಾಮ ಸಭೆಯ ಮುಂದೆ ಮತ್ತೆ ಮತ್ತೆ ಬರುವ ಬೇಡಿಕೆ ಒಂದು: ‘ಊರ ಪಕ್ಕದಲ್ಲಿ ಜಾಗ ಖಾಲಿ ಇದೆ, ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಆಗಲಿ.’

ಬೇಡಿಕೆ ನ್ಯಾಯವಾದದ್ದು. ಆದರೆ ಖಾಲಿ ಇರುವುದು ಬೇರೆ, ಶಾಲೆಗೆ ಯೋಗ್ಯವಾಗಿರುವುದು ಬೇರೆ. ಅವಸರದ ಠರಾವಿನ ನಂತರ ದಾಖಲೆಯಲ್ಲಿ ತೊಡಕು ಕಂಡುಬಂದರೆ ಅನುದಾನ ಹಿಂದಿರುಗುತ್ತದೆ, ಮಕ್ಕಳ ವರ್ಷಗಳು ಹಿಂದಿರುಗುವುದಿಲ್ಲ. ಆದ್ದರಿಂದ ಸದಸ್ಯರು ಕೆಳಗಿನ ಐದು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳುವುದು ಸೂಕ್ತ.

1. ಶಾಲೆ ಯಾರಿಗೆ ಬೇಕಾಗಿದೆ?

ಮೊದಲು ಮಕ್ಕಳನ್ನು ಎಣಿಸಬೇಕು, ಜಾಗವನ್ನು ಅಳೆಯುವುದು ಆಮೇಲೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯಲ್ಲಿ ಶಾಲೆ ಇರಬೇಕೆಂದು ಹೇಳುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಗೆ ಈ ನೆರೆಹೊರೆ ಎಂದರೆ 1 ಕಿಲೋಮೀಟರ್ ನಡಿಗೆಯ ದೂರ, 6ರಿಂದ 8ನೇ ತರಗತಿಗೆ 3 ಕಿಲೋಮೀಟರ್.

‘ನಡಿಗೆಯ ದೂರ’ ಎಂಬ ಮಾತನ್ನು ಗಮನಿಸಬೇಕು. ನಕ್ಷೆಯಲ್ಲಿ ಗೆರೆ ಎಳೆದರೆ 600 ಮೀಟರ್ ಕಾಣುವ ಶಾಲೆಗೆ, ನಡುವೆ ಮೈಸೂರು ರಸ್ತೆಯೋ ರೈಲು ಹಳಿಯೋ ನೈಸ್ ರಸ್ತೆಯೋ ಇದ್ದರೆ, ಮಗು ಸುತ್ತಿ ಹೋಗುವ ದೂರ ಎರಡರಷ್ಟಾಗಬಹುದು. ಪ್ರವಾಹ, ರಸ್ತೆಯ ಅಭಾವ ಅಥವಾ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ ಇರುವಲ್ಲಿ ದೂರದ ಮಿತಿಯನ್ನು ಇನ್ನೂ ಕಡಿಮೆ ಮಾಡಿ ಶಾಲೆಯ ಸ್ಥಳ ನಿರ್ಧರಿಸಬೇಕೆಂದು ಅದೇ ನಿಯಮಗಳು ಸೂಚಿಸುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಡೆದು ಹೋಗಬಹುದಾದ ದೂರದಲ್ಲಿ ಈಗಾಗಲೇ ಕಡಿಮೆ ದಾಖಲಾತಿಯ ಸರ್ಕಾರಿ ಶಾಲೆಯೊಂದಿದ್ದರೆ, ಹೊಸ ಶಾಲೆಯು ಅಲ್ಲಿಯ ಮಕ್ಕಳನ್ನೇ ಹಂಚಿಕೊಂಡು ಎರಡನ್ನೂ ಬಡವಾಗಿಸೀತು. ಅಂತಹ ಸಂದರ್ಭದಲ್ಲಿ ಹಳೆಯ ಶಾಲೆಗೆ ಎರಡು ಕೊಠಡಿ, ಒಂದು ಕಾಂಪೌಂಡ್, ಒಂದು ಸುರಕ್ಷಿತ ಕಾಲುದಾರಿ ಒದಗಿಸುವುದೇ ಸರಿಯಾದ ಉತ್ತರವಾಗಬಹುದು. ಅಂಗನವಾಡಿಯ ದಾಖಲೆ, ಮನೆಮನೆ ಸಮೀಕ್ಷೆ ಮತ್ತು ಸುತ್ತಲಿನ ಶಾಲೆಗಳ ದಾಖಲಾತಿ, ಈ ಮೂರನ್ನೂ ಮುಂದಿಟ್ಟುಕೊಂಡು ಚರ್ಚಿಸಬೇಕು. ಶೆಡ್ಡುಗಳಲ್ಲಿ ವಾಸಿಸುವ ವಲಸೆ ಕಾರ್ಮಿಕರ ಮಕ್ಕಳು ಎಣಿಕೆಯಿಂದ ಬಿಟ್ಟುಹೋಗಬಾರದು. ಶಾಲೆಯ ಅಗತ್ಯ ಹೆಚ್ಚಾಗಿರುವುದು ಅವರಿಗೇ.

2. ಜಾಗ ಯಾರದು, ಯಾವುದಕ್ಕೆ ಮೀಸಲು?

ಪಹಣಿಯೊಂದನ್ನೇ ನೋಡಿ ತೃಪ್ತರಾಗಬಾರದು. ಗ್ರಾಮ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್ ಮತ್ತು ಭೂಮಾಪಕರ ಹದ್ದುಬಸ್ತು ವರದಿಯನ್ನು ತಾಳೆ ನೋಡಬೇಕು. ಹಳ್ಳ, ದಾರಿ, ಸ್ಮಶಾನ ಮುಂತಾದ ಸಾರ್ವಜನಿಕ ಬಳಕೆಯ ‘ಬಿ’ ಖರಾಬು ಎಷ್ಟೋ ಕಡೆ ಕಣ್ಣಿಗೆ ಬರಿಯ ಬಯಲಿನಂತೆ ಕಾಣುತ್ತದೆ. ಸರ್ಕಾರಿ ಜಮೀನಾದರೆ, ಭೂಕಂದಾಯ ಕಾಯ್ದೆ 1964ರ ಕಲಂ 71ರಡಿ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳದ್ದು. ಪಂಚಾಯಿತಿಯ ಠರಾವು ಕೋರಿಕೆಯಾಗುತ್ತದೆಯೇ ಹೊರತು ಹಕ್ಕುಪತ್ರವಾಗುವುದಿಲ್ಲ.

ಬಡಾವಣೆಯ ಒಳಗಿನ ಜಾಗವಾದರೆ ಅನುಮೋದಿತ ನಕ್ಷೆಯೇ ಆಧಾರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1976ರ ಪ್ರಕಾರ ಪ್ರಾಧಿಕಾರದ ಬಡಾವಣೆಯಲ್ಲಿ ಶೇ. 15ರಷ್ಟು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಕನಿಷ್ಠ ಶೇ. 10ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು. ಶಾಲೆಗೆ ಕೇಳಬೇಕಾದದ್ದು ಎರಡನೆಯ ಬಗೆಯ ಜಾಗವನ್ನು, ಅಂದರೆ ಸಿ.ಎ. ನಿವೇಶನವನ್ನು. ಉದ್ಯಾನದ ಜಾಗ ಎಷ್ಟೇ ಪಾಳುಬಿದ್ದಿದ್ದರೂ ಅದನ್ನು ಕೇಳುವಂತಿಲ್ಲ.

ಈ ವಿಷಯದಲ್ಲಿ ಬೆಂಗಳೂರಿನದೇ ಪ್ರಕರಣವೊಂದು ದೇಶಕ್ಕೆ ಮಾದರಿಯಾಗಿದೆ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್ ಒಂದಕ್ಕೆ ನೀಡಲಾಗಿತ್ತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆ ಹಂಚಿಕೆ ಸಲ್ಲದೆಂದು ತೀರ್ಪು ನೀಡಿತು. ಆಸ್ಪತ್ರೆಯೂ ಜನೋಪಯೋಗಿಯೇ; ಆದರೂ ಒಂದು ಒಳ್ಳೆಯ ಉದ್ದೇಶಕ್ಕೆ ಮೀಸಲಾದ ನೆಲವನ್ನು ಇನ್ನೊಂದು ಒಳ್ಳೆಯ ಉದ್ದೇಶದ ಹೆಸರಿನಲ್ಲಿ ತೆಗೆದುಕೊಳ್ಳಲಾಗದು ಎಂಬುದು ಸದಸ್ಯರು ನೆನಪಿಡಬೇಕಾದ ಪಾಠ.

3. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?

ಈ ಭಾಗದ ಮಳೆನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಜಾಗ ಖಾಲಿ ಉಳಿದಿರುವುದಕ್ಕೆ ಅನೇಕ ವೇಳೆ ಕಾರಣವೇ ಅದು: ಅಲ್ಲಿ ನೀರು ನಿಲ್ಲುತ್ತದೆ, ಅಥವಾ ಕಾಲುವೆ ಹರಿಯುತ್ತದೆ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲಿ ಕೆರೆಯಂಚಿನಿಂದ 30 ಮೀಟರ್, ರಾಜಕಾಲುವೆಯ ಮಧ್ಯಭಾಗದಿಂದ ಪ್ರಾಥಮಿಕ, ದ್ವಿತೀಯ, ತೃತೀಯ ವರ್ಗಕ್ಕೆ ಅನುಕ್ರಮವಾಗಿ 50, 25, 15 ಮೀಟರ್ ಮೀಸಲು ವಲಯ ನಿಗದಿಯಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರಲ್ಲಿ ಇದನ್ನು ಹೆಚ್ಚಿಸಿತು. ಆ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ರದ್ದುಪಡಿಸಿತು. ಪ್ರಸ್ತಾವದ ದಿನ ಜಾರಿಯಲ್ಲಿರುವ ಅಂತರವನ್ನು ಸಂಬಂಧಿಸಿದ ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯಬೇಕು.

ಒಂದು ಲೆಕ್ಕ ನೋಡಬಹುದು. ಪ್ರಾಥಮಿಕ ರಾಜಕಾಲುವೆಯ ಮಧ್ಯದಿಂದ ಆರಂಭವಾಗಿ 60 ಮೀಟರ್ ಅಗಲದ ಜಾಗವಿದ್ದರೆ, 50 ಮೀಟರ್ ಬಿಟ್ಟ ನಂತರ ಕಟ್ಟಡಕ್ಕೆ ಉಳಿಯುವುದು 10 ಮೀಟರ್ ಪಟ್ಟಿ ಮಾತ್ರ.

ಇದು ಕೇವಲ ಕಾನೂನಿನ ಮಾತಲ್ಲ. 2024ರ ಅಕ್ಟೋಬರ್‌ನಲ್ಲಿ ಕೆಂಗೇರಿ ಕೆರೆಯಲ್ಲಿ ಇಬ್ಬರು ಮಕ್ಕಳು ಮುಳುಗಿ ಸತ್ತರು. ನೀರಿನ ಅಂಚಿಗೆ ಮಕ್ಕಳು ಹೋಗುವುದು ಸಹಜ. ತಡೆಯುವ ಹೊಣೆ ಹಿರಿಯರದು. ಕೆರೆ, ಕಾಲುವೆಗಳ ಸಮೀಪದ ನಿವೇಶನಕ್ಕೆ ಭದ್ರವಾದ ಆವರಣ ಗೋಡೆಯ ವೆಚ್ಚವನ್ನು ಮೊದಲ ಅಂದಾಜಿನಲ್ಲಿಯೇ ಸೇರಿಸಬೇಕು. ಒಂದು ಜೋರು ಮಳೆಯ ಮರುದಿನ ಸದಸ್ಯರೇ ಸ್ಥಳಕ್ಕೆ ಹೋಗಿ ನೋಡಿಬರುವುದು ಯಾವ ವರದಿಗೂ ಕಡಿಮೆಯಲ್ಲ. ಕಟ್ಟಡದ ಅವಶೇಷ ಸುರಿದು ಎತ್ತರಿಸಿದ ಜಾಗವಾದರೆ ಮಣ್ಣಿನ ಪರೀಕ್ಷೆ ಅನಿವಾರ್ಯ.

4. ಅಳತೆ ಸಾಕೇ?

ನಗರ ಯೋಜನೆಯ ರಾಷ್ಟ್ರೀಯ ಮಾರ್ಗಸೂಚಿಯು 500 ಮಕ್ಕಳ ಪ್ರಾಥಮಿಕ ಶಾಲೆಗೆ 0.40 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ, ಸೂಚಿಸುತ್ತದೆ. ಅದರಲ್ಲಿ ಅರ್ಧ ಆಟದ ಮೈದಾನಕ್ಕೆ. ನಮ್ಮ ಹೆಚ್ಚಿನ ಪ್ರಸ್ತಾವಗಳಲ್ಲಿ ಮಕ್ಕಳೂ ಕಡಿಮೆ, ಜಾಗವೂ ಕಡಿಮೆ. ಆಗ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಿಂದ ಲೆಕ್ಕ ಹಾಕಬೇಕು.

ಉದಾಹರಣೆಗೆ, 140 ಮಕ್ಕಳಿಗೆ 5 ಶಿಕ್ಷಕರು, ಶಿಕ್ಷಕರಿಗೆ ಒಂದರಂತೆ ಕನಿಷ್ಠ 5 ಕೊಠಡಿ, ಕಚೇರಿ ಮತ್ತು ದಾಸ್ತಾನಿಗೆ ಒಂದು ಕೊಠಡಿ, ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಬಿಸಿಯೂಟದ ಅಡುಗೆಮನೆ, ಕುಡಿಯುವ ನೀರು, ಅಡೆತಡೆಯಿಲ್ಲದ ಪ್ರವೇಶ, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿ. ಕೊಠಡಿಗೆ 500 ಚದರ ಅಡಿ ಹಿಡಿದು, ಮೊಗಸಾಲೆ ಮತ್ತು ಉಳಿದ ಸೌಲಭ್ಯ ಸೇರಿಸಿದರೆ ಒಂದೇ ಅಂತಸ್ತಿನಲ್ಲಿ 5,000 ಚದರ ಅಡಿಯ ಆಸುಪಾಸು ಬೇಕಾಗುತ್ತದೆ. 20 ಗುಂಟೆ ಎಂದರೆ 21,780 ಚದರ ಅಡಿ. ಅಲ್ಲಿ ಮಕ್ಕಳು ಓಡಿಯಾಡಲು ಜಾಗ ಉಳಿಯುತ್ತದೆ. 6 ಗುಂಟೆಯಲ್ಲಿ ಕಟ್ಟಡ ಹಿಡಿಯಬಹುದು, ಬಾಲ್ಯ ಹಿಡಿಯುವುದಿಲ್ಲ.

5. ದಾರಿ ಮತ್ತು ಸುರಕ್ಷತೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಇದರ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಶಾಲಾ ಕಟ್ಟಡಗಳ ಸುರಕ್ಷತೆಯ ಬಗ್ಗೆ ನಿರ್ದೇಶನಗಳನ್ನು ನೀಡಿತು. ಆದ್ದರಿಂದ ಅಡುಗೆಮನೆ ಕೊಠಡಿಗಳಿಂದ ಬೇರೆಯಾಗಿರಲು, ಅಗ್ನಿಶಾಮಕ ವಾಹನ ಬಾಗಿಲವರೆಗೆ ಬರಲು ಅವಕಾಶವಿದೆಯೇ ಎಂದು ನೋಡಬೇಕು. ನಿವೇಶನದ ಮೇಲೆ ಹೈಟೆನ್ಷನ್ ತಂತಿ ಹಾದಿದ್ದರೆ ವಿದ್ಯುತ್ ಸಂಸ್ಥೆಯ ಅಭಿಪ್ರಾಯ ಪಡೆಯಬೇಕು.

ಠರಾವಿನಲ್ಲಿ ಇರಬೇಕಾದ ವಿವರ

ಶಾಲೆ ಮಂಜೂರು ಮಾಡುವುದು ಶಾಲಾ ಶಿಕ್ಷಣ ಇಲಾಖೆ. ಅದರ ಮುಂದೆ ಪ್ರಸ್ತಾವವು ನಿಲ್ಲುವುದು ದಾಖಲೆಯ ಬಲದಿಂದ. ಸರ್ವೆ ನಂಬರು ಮತ್ತು ವಿಸ್ತೀರ್ಣ, ಮೀಸಲಾತಿಯ ಸ್ವರೂಪ, ಮಕ್ಕಳ ಸಂಖ್ಯೆ, ಸಮೀಪದ ಶಾಲೆಗೆ ನಡಿಗೆಯ ದೂರ, ಕಾಲುವೆಯಿಂದ ಅಂತರ, ಸ್ಥಳ ತನಿಖೆಯ ದಿನಾಂಕ ಇವಿಷ್ಟನ್ನೂ ಠರಾವಿನಲ್ಲಿ ನಮೂದಿಸಬೇಕು. ವಿರೋಧದ ಅಭಿಪ್ರಾಯ ಬಂದಿದ್ದರೆ ಅದನ್ನೂ ಕಾರಣಸಹಿತ ದಾಖಲಿಸಬೇಕು. ಇಂದು ಸಭೆಯಲ್ಲಿ ಕೇಳಿದ ಆಕ್ಷೇಪಣೆಗೆ ಉತ್ತರ ಕೊಡುವುದು, ನಾಳೆ ನ್ಯಾಯಾಲಯದಲ್ಲಿ ಕೊಡುವುದಕ್ಕಿಂತ ಸುಲಭ.

ಪರಿಶೀಲನೆಯ ಕೊನೆಗೆ ‘ಈ ಜಾಗ ಬೇಡ’ ಎಂಬ ತೀರ್ಮಾನ ಬಂದರೆ ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಆದರೆ ಠರಾವು ಅಲ್ಲಿಗೇ ನಿಲ್ಲಬಾರದು. ಬದಲಿ ಜಾಗ ಯಾವುದು, ಅಲ್ಲಿಯವರೆಗೆ ಆ ಮಕ್ಕಳು ಯಾವ ಶಾಲೆಗೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಅದೇ ಸಭೆಯಲ್ಲಿ ನಿರ್ಧರಿಸತಕ್ಕದ್ದು.