ನಡುಗಡಲಿನ ಹೊಗೆ

ಸತ್ತೂರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ಸಹಜವೇ. ಹುಬ್ಬಳ್ಳಿ–ಧಾರವಾಡಗಳ ನಡುವಣ ಈ ಊರಿಗೆ ಅಲೆಗಳ ಸದ್ದು ಕೇಳಿಸದು. ಆದರೆ ಮುಂಗಾರಿನಲ್ಲಿ ಇಲ್ಲಿನ ನೆಲವನ್ನು ತೋಯಿಸುವ ನೈಋತ್ಯ ಮಾರುತವು ಅರಬ್ಬೀ ಸಮುದ್ರವನ್ನು ಹಾಯ್ದು, ಸಹ್ಯಾದ್ರಿಯನ್ನೇರಿ ಬಂದುದಷ್ಟೆ. ಸಮುದ್ರದ ಮೇಲಣ ಗಾಳಿಯು ಹೇಗಿದೆಯೆಂಬುದು ಕರಾವಳಿಯವರಷ್ಟೇ ಚಿಂತಿಸಬೇಕಾದ ವಿಷಯವಲ್ಲ.

ಜಗತ್ತಿನ ವ್ಯಾಪಾರದ ಸರಕಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕಿದ ಭಾಗವು ಹಡಗುಗಳಲ್ಲಿಯೇ ಸಾಗುತ್ತದೆ. ಅವುಗಳಲ್ಲಿ ಬಹುಪಾಲು ಹಡಗುಗಳು ದೀರ್ಘಕಾಲ ಉರಿಸುತ್ತ ಬಂದುದು ಮಡ್ಡಿ ಎಣ್ಣೆಯನ್ನು. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನು ತೆಗೆದ ಬಳಿಕ ತಳದಲ್ಲುಳಿಯುವ ಈ ದ್ರವವು ಡಾಂಬರಿನಂತೆ ಮಂದವಾದುದು. ಕಾಯಿಸದ ಹೊರತು ಕೊಳವೆಯಲ್ಲಿ ಹರಿಯದು. ತೈಲದಲ್ಲಿದ್ದ ಗಂಧಕದ ಹೆಚ್ಚಿನಂಶವು ಇದರಲ್ಲಿಯೇ ಸೇರಿರುತ್ತದೆ.

ಸತ್ತೂರನ್ನು ಹಾದುಹೋಗುವ ಬಸ್ಸುಗಳ ಡೀಸೆಲ್ಲಿನೊಡನೆ ಇದನ್ನು ಹೋಲಿಸಿದರೆ ಅಂತರವು ಸ್ಪಷ್ಟವಾಗುವುದು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಒಂದು ಕಿಲೋಗ್ರಾಂ ಡೀಸೆಲ್ಲಿನಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಗಂಧಕವಿರಕೂಡದು. ಅದೇ ವರ್ಷದ ಜನವರಿ 1ರಿಂದ ನಡುಗಡಲಿನ ಹಡಗುಗಳಿಗೆ ವಿಧಿಸಿದ ಹೊಸ ಮಿತಿಯು ಕಿಲೋಗ್ರಾಂಗೆ 5 ಗ್ರಾಂ. ಅಂದರೆ ಬಸ್ಸಿನ ಎಣ್ಣೆಗಿಂತ 500 ಪಟ್ಟು! ಇದಾದರೂ ಸುಧಾರಣೆಯೇ. ಅದಕ್ಕೆ ಮುನ್ನ 35 ಗ್ರಾಂವರೆಗೆ ಅನುಮತಿಯಿದ್ದಿತು.

ಈ ತಾರತಮ್ಯಕ್ಕೆ ಕಾರಣವುಂಟು. ನಡುಗಡಲು ಯಾವ ದೇಶದ ಸೊತ್ತೂ ಅಲ್ಲ. ಅಲ್ಲಿಯ ಹೊಗೆಯಿಂದ ಕೆಮ್ಮಿ ದೂರು ಕೊಡುವ ನೆರೆಹೊರೆಯೂ ಇಲ್ಲ. ಹಡಗಿನ ಹೊಗೆಯನ್ನು ಕುರಿತ ಅಂತರರಾಷ್ಟ್ರೀಯ ನಿಯಮಗಳು ಅಂಗೀಕೃತವಾದುದೇ 1997ರಲ್ಲಿ. ಜಾರಿಗೆ ಬಂದುದು 2005ರಲ್ಲಿ.

ಆದರೆ ಯಾರೂ ಕಾಣದ ಹೊಗೆಯನ್ನು ಮೋಡವು ಕಂಡಿರುತ್ತದೆ. ಗಂಧಕದ ಹೊಗೆಯಿಂದ ಹುಟ್ಟುವ ಸೂಕ್ಷ್ಮಕಣಗಳ ಸುತ್ತ ನೀರಾವಿಯು ಹನಿಗಟ್ಟಿ, ಹಡಗು ಸಾಗಿದ ಹಾದಿಯುದ್ದಕ್ಕೂ ಬಿಳಿಯ ಮೇಘರೇಖೆ ಮೂಡುವುದುಂಟು. ಶ್ರೀಲಂಕೆಯ ದಕ್ಷಿಣದಿಂದ ಮಲಾಕ್ಕಾ ಜಲಸಂಧಿಯತ್ತ ಸಾಗುವ ಹಡಗುದಾರಿಯ ಮೇಲೆ, ಅಕ್ಕಪಕ್ಕದ ಕಡಲಿಗಿಂತ ಸುಮಾರು ಎರಡರಷ್ಟು ಮಿಂಚು ಹೊಳೆಯುವುದೆಂದು 2017ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. 2020ರ ನಿಯಮದ ತರುವಾಯ ಅಲ್ಲಿಯ ಮಿಂಚು ಅರ್ಧದಷ್ಟು ಇಳಿಯಿತು. ಮನುಷ್ಯನ ಒಂದು ಕಟ್ಟಳೆಗೆ ಆಕಾಶವೂ ತಲೆಬಾಗಿದಂತಾಯಿತು!

ಇದರಲ್ಲೊಂದು ಇಕ್ಕಟ್ಟೂ ಇದೆ. ಈ ಕಣಗಳು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸಿ ಭೂಮಿಯನ್ನು ತುಸು ತಂಪಾಗಿಸುತ್ತಿದ್ದುವು. ಅವು ಕಡಮೆಯಾದಂತೆ, ಅಡಗಿದ್ದ ತಾಪವು ಬಯಲಿಗೆ ಬರುತ್ತದೆ. ಹಾಗೆಂದು ಹೊಗೆಯನ್ನೇ ನೆರಳೆಂದು ನೆಚ್ಚಲಾಗದು. ಅದೇ ಕಣಗಳು ಗಾಳಿಯೊಡನೆ ನೂರಾರು ಮೈಲಿ ಸಾಗಿ, ಬಂದರು ಪಟ್ಟಣಗಳ ಜನರ ಶ್ವಾಸಕೋಶವನ್ನೂ ಹೃದಯವನ್ನೂ ಬಾಧಿಸುತ್ತವೆ.

ನಿಯಮದಲ್ಲಿ ಸಂದುಗಳೂ ಉಂಟು. ಹೊಗೆಯನ್ನು ತೊಳೆಯುವ ಯಂತ್ರವಿದ್ದರೆ ಹಳೆಯ ಮಡ್ಡಿಯನ್ನೇ ಉರಿಸಬಹುದು. ಆದರೆ ತೊಳೆದ ನೀರು ಬಹುವಾಗಿ ಕಡಲನ್ನೇ ಸೇರುತ್ತದೆ. ಬಾಲ್ಟಿಕ್, ಉತ್ತರ ಸಮುದ್ರ ಮತ್ತು ಉತ್ತರ ಅಮೆರಿಕದ ತೀರಗಳಲ್ಲಿ 2015ರಿಂದಲೂ, ಮೆಡಿಟರೇನಿಯನ್ನಿನಲ್ಲಿ 2025ರ ಮೇ 1ರಿಂದಲೂ ಮಿತಿಯು ಕಿಲೋಗ್ರಾಂಗೆ 1 ಗ್ರಾಂ ಮಾತ್ರ. ಕಾರವಾರ, ನವಮಂಗಳೂರುಗಳ ಮುಂದೆ ಹರಡಿರುವ ಅರಬ್ಬೀ ಸಮುದ್ರಕ್ಕೆ ಅಂಥ ರಕ್ಷಣೆಯಿಲ್ಲ. ತೀರದ ದೇಶಗಳು ಒಗ್ಗೂಡಿ ಕೇಳಿದುದರಿಂದಲೇ ಮೆಡಿಟರೇನಿಯನ್ನಿಗೆ ಅದು ದೊರಕಿತು. ಈ ಕಡಲಿಗಾಗಿ ಕೇಳುವ ಹಕ್ಕು ಬಂದರಿನವರಿಗಿರುವಷ್ಟೇ, ಅದರ ಗಾಳಿಯಿಂದ ಮಳೆಯನ್ನು ಪಡೆಯುವ ಸತ್ತೂರಿನವರಿಗೂ ಇದೆ.