ಚೈತ್ಯಭೂಮಿ: ನಮ್ಮ ನಗರದ ಸ್ಮಾರಕವೊಂದರ ಪರಿಚಯ

ಡಿಸೆಂಬರ್ 6 ಸಮೀಪಿಸಿದಂತೆ ಕಾಂದಿವಲಿಯ ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: "ದಾದರ್ ಕಡೆಗೆ ಹೋಗುವುದು ಬೇಡ, ವಿಪರೀತ ಜನಸಂದಣಿ." ಬ್ಯಾಂಕ್ ನೌಕರಿಗಾಗಿ ನಿತ್ಯ ಚರ್ಚ್‌ಗೇಟ್ ಲೋಕಲ್ ಹಿಡಿಯುವ ನಾವೂ ಹೀಗೆ ಗೊಣಗಿದವರೇ. ಆ ಜನರು ಎಲ್ಲಿಗೆ, ಏಕೆ ಹೋಗುತ್ತಾರೆಂದು ವಿಚಾರಿಸಿದವರು ನಮ್ಮಲ್ಲಿ ವಿರಳ.

ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, ದೆಹಲಿಯಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಮುಂಬಯಿಗೆ ತಂದು, ದಾದರ್‌ನ ಹಿಂದೂ ಕಾಲೊನಿಯಲ್ಲಿರುವ ಅವರ ನಿವಾಸ 'ರಾಜಗೃಹ'ದಲ್ಲಿ ದರ್ಶನಕ್ಕಿರಿಸಲಾಯಿತು. ಮರುದಿನ ದಾದರ್ ಚೌಪಾಟಿಯಲ್ಲಿ ಬೌದ್ಧ ವಿಧಿಯಂತೆ ಅಂತ್ಯಕ್ರಿಯೆ ನೆರವೇರಿತು.

ಇದನ್ನು ಕೆಲವರು 'ಸಮಾಧಿ' ಎನ್ನುತ್ತಾರೆ. ವಸ್ತುತಃ ಇದು ದಹನವಾದ ಸ್ಥಳ. 'ಚಿತೆ' ಮತ್ತು 'ಚೈತ್ಯ' ಶಬ್ದಗಳ ಮೂಲ ಒಂದೇ. ಮಹನೀಯರ ಅಸ್ಥಿಯ ಮೇಲೆ ಸ್ತೂಪವನ್ನು ನಿರ್ಮಿಸುವುದು ಬೌದ್ಧರ ಪ್ರಾಚೀನ ಪದ್ಧತಿ. ನೆರೆಯ ಬೊರಿವಲಿಯ ಕಾನ್ಹೇರಿ ಗುಹೆಗಳಲ್ಲಿ ಚೈತ್ಯಗೃಹವನ್ನು ಕಂಡವರಿಗೆ ಈ ಪರಂಪರೆ ಹೊಸದಲ್ಲ. ಚೈತ್ಯಭೂಮಿಯ ಸ್ತೂಪವನ್ನು 1971ರ ಡಿಸೆಂಬರ್ 5ರಂದು ಬಾಬಾಸಾಹೇಬರ ಸೊಸೆ ಮೀರಾತಾಯಿ ಉದ್ಘಾಟಿಸಿದರು. ಇದರ ತೋರಣದ್ವಾರ ಸಾಂಚಿಯ ಮಾದರಿಯದು. ಒಳಗೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಪ್ರತಿಮೆ ಇವೆ. ಸಮೀಪದ ಇಂದೂ ಮಿಲ್ ಜಾಗದಲ್ಲಿ ಬೃಹತ್ ಸ್ಮಾರಕಕ್ಕೆ 2015ರಲ್ಲಿ ಶಿಲಾನ್ಯಾಸವಾಗಿದೆ.

ಮಹಾಪರಿನಿರ್ವಾಣ ದಿನದಂದು ಉತ್ತರ ಕರ್ನಾಟಕದಿಂದಲೂ ಜನ ಬರುತ್ತಾರೆ. ಶಿವಾಜಿ ಪಾರ್ಕ್‌ನಲ್ಲಿ ತಂಗಿ, ತಾಸುಗಟ್ಟಲೆ ಸರದಿಯಲ್ಲಿ ನಿಂತು, ಒಂದು ಹೂವನ್ನೋ ಮೇಣದ ಬತ್ತಿಯನ್ನೋ ಅರ್ಪಿಸುತ್ತಾರೆ. ಅಂದು ಅಲ್ಲಿ ಸಾಲುಸಾಲಾಗಿ ಕಾಣುವುದು ಪುಸ್ತಕದ ಮಳಿಗೆಗಳು. ಬುತ್ತಿ ಕಟ್ಟಿಕೊಂಡು ಬಂದವರು ಪುಸ್ತಕದ ಗಂಟಿನೊಂದಿಗೆ ಹಿಂದಿರುಗುವುದನ್ನು ಬೇರೆ ಯಾವ ಯಾತ್ರಾಸ್ಥಳದಲ್ಲಿಯೂ ನಾವು ಕಂಡಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದ ಪೀಳಿಗೆ ಮುಂಬಯಿ ಕನ್ನಡಿಗರದು. ಬಾಬಾಸಾಹೇಬರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ನೌಕರಿ ಮಾಡುವವರಿಗೆಂದೇ ಬೆಳಗಿನ ತರಗತಿಗಳನ್ನು ನಡೆಸಿತು. ದುಡಿಯುವವನೂ ಪದವೀಧರನಾಗಬೇಕೆಂಬ ಆ ದೃಷ್ಟಿಯ ಬೆಲೆಯನ್ನು ನಾವಲ್ಲದೆ ಇನ್ನಾರು ಅರಿಯಬೇಕು?

ಕಾಂದಿವಲಿಯಿಂದ ದಾದರ್‌ಗೆ ನೇರ ಲೋಕಲ್ ಇದೆ. ಪಶ್ಚಿಮಕ್ಕೆ ಇಳಿದು ಶಿವಾಜಿ ಪಾರ್ಕ್ ದಾಟಿದರೆ ಕಡಲಂಚಿನಲ್ಲಿ ಸ್ತೂಪ ಕಾಣುತ್ತದೆ. ಬಿಡುವಿನ ದಿನವೊಂದರಲ್ಲಿ ಮಕ್ಕಳೊಡನೆ ಹೋಗಿಬನ್ನಿ. ಮುಂದಿನ ಡಿಸೆಂಬರ್ 6ರಂದು ಲೋಕಲ್‌ನಲ್ಲಿ ನೀಲಿ ಧ್ವಜ ಹಿಡಿದವರು ಎದುರಾದರೆ, ಗೊಣಗುವ ಬದಲು ತುಸು ಸರಿದು ಸ್ಥಳ ಕೊಡೋಣ.